ಎಲ್ಲದಕ್ಕೂ ಅಜ್ಜಿಯ ಮುದ್ದಿನ ಮೇಲೆ ಗೂಬೆ ಕೂರಿಸುವುದೇಕೆ?

ಮಾನ್ಯ ಸಂಪಾದಕರೇ,

ಮಗು ಹಠ ಮಾಡಿದರೆ ‘ಅಜ್ಜಿ ಸಾಕಿದ್ದಲ್ಲವೇ, ಇನ್ನೇನಾದೀತು’ ಎನ್ನುತ್ತಾರೆ. ಅದೇ ಮಗು ನಾಲ್ಕು ಜನರೆದುರು ಚೆಂದಕ್ಕೆ ಕತೆ ಹೇಳಿದರೆ ಆಗಲೂ ‘ಅಜ್ಜಿ ಸಾಕಿದ್ದಲ್ಲವೇ’ ಎಂದೇ ಮೆಚ್ಚುತ್ತಾರೆ. ಅಜ್ಜ–ಅಜ್ಜಿಯ ಬಳಿ ಬೆಳೆಯುವ ಮಕ್ಕಳ ಬಗೆಗಿನ ಚರ್ಚೆಯೆಲ್ಲ ಬಹುಮಟ್ಟಿಗೆ ಈ ಎರಡು ಉದ್ಗಾರಗಳಲ್ಲೇ ಮುಗಿದುಹೋಗುತ್ತದೆ. ಮಕ್ಕಳ ಬೆಳವಣಿಗೆಯ ಕ್ಷೇತ್ರದಲ್ಲಿ ದುಡಿಯುವ ನಮಗೆ ಕಾಣುವುದು ಬೇರೆ. ಮಗುವಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಎರಡು ಕಡೆ: ಸಾಕುವ ಕೈ ಏಕಾಏಕಿ ಬದಲಾದಾಗ ಮತ್ತು ಯಾವ ವಿಷಯದಲ್ಲಿ ಯಾರ ಮಾತು ಕೊನೆಯದು ಎಂಬುದು ಮನೆಯಲ್ಲಿ ಇತ್ಯರ್ಥವಾಗದೇ ಇದ್ದಾಗ.

ಮೊದಲಿಗೆ, ‘ಅಜ್ಜಿ ಸಾಕಿದ ಮಗು’ ಎನ್ನುವಾಗ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತಿದ್ದೇವೆ. ಹಗಲು ಅಜ್ಜಿಯ ಬಳಿ ಇದ್ದು ಸಂಜೆ ಅಪ್ಪ–ಅಮ್ಮನ ಬಳಿ ಬರುವ ಮಗು ಒಂದು ಬಗೆ. ಮೂರು ತಲೆಮಾರು ಒಂದೇ ಸೂರಿನಡಿ ಇರುವ ಮನೆಯ ಮಗು ಇನ್ನೊಂದು. ಹೆತ್ತವರು ದೂರದಲ್ಲಿದ್ದು, ಅಥವಾ ಸಾವು, ಕಾಯಿಲೆ, ಕುಡಿತ, ವಿಚ್ಛೇದನದಿಂದ ಕೈಬಿಟ್ಟುಹೋಗಿ ಅಜ್ಜ–ಅಜ್ಜಿಯೇ ಸರ್ವಸ್ವವಾಗಿರುವ ಮಗು ಮೂರನೆಯದು. ಈ ಮೂರನೆಯ ಮಗು ಅಜ್ಜಿಯ ಮನೆಗೆ ಬರುವ ಮೊದಲೇ ಏನನ್ನೋ ಕಳೆದುಕೊಂಡಿರುತ್ತದೆ. ಅದರ ಸಿಡುಕನ್ನೂ ಮೌನವನ್ನೂ ಅಜ್ಜಿಯ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಅದನ್ನು ಹೋಲಿಸಬೇಕಾದ್ದು ಅಪರಿಚಿತರ ಆಶ್ರಯದಲ್ಲಿ ಬೆಳೆಯುವ ಮಕ್ಕಳ ಜೊತೆ. ಹಾಗೆ ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಬಳಗದ ಪರಿಶೀಲನೆಯಲ್ಲಿ ರಕ್ತಸಂಬಂಧಿಗಳ ಬಳಿ ಬೆಳೆದ ಮಕ್ಕಳ ನಡವಳಿಕೆ, ಮಾನಸಿಕ ಆರೋಗ್ಯ ಎರಡೂ ಮೇಲಾಗಿದ್ದವು. ಅವರು ಮನೆಯಿಂದ ಮನೆಗೆ ಅಲೆದದ್ದೂ ಕಡಿಮೆ.

ಇನ್ನು ತಾಯಂದಿರನ್ನು ಕೊರೆಯುವ ಪ್ರಶ್ನೆ: ಮಗು ಅಜ್ಜಿಯನ್ನೇ ಹಚ್ಚಿಕೊಂಡರೆ ನನ್ನನ್ನು ಮರೆತೀತೇ? ಸುಮಾರು ಆರೇಳು ತಿಂಗಳಿಂದ ಎರಡು ವರ್ಷದವರೆಗೆ ಮಗು ಗಟ್ಟಿಯಾಗಿ ಅಂಟಿಕೊಳ್ಳುವ ಕಾಲ. ಈ ಬಾಂಧವ್ಯದ ಬಗ್ಗೆ ಮೊದಲು ವಿಸ್ತಾರವಾಗಿ ಬರೆದ ಬ್ರಿಟನ್ನಿನ ಮನೋವೈದ್ಯ ಜಾನ್ ಬೋಲ್ಬಿ ಆರಂಭದಲ್ಲಿ ತಾಯಿಯ ಮೇಲೇ ಹೆಚ್ಚು ಒತ್ತು ಕೊಟ್ಟಿದ್ದರು. ಆದರೆ ಸ್ಕಾಟ್ಲೆಂಡಿನ ಗ್ಲಾಸ್ಗೋದ 60 ಶಿಶುಗಳನ್ನು ಗಮನಿಸಿ ಸಂಶೋಧಕರಾದ ಶಾಫರ್ ಮತ್ತು ಎಮರ್ಸನ್ 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೂವರೆ ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಂಡಿದ್ದರು. ಯಾರು ಹೆಚ್ಚು ಹೊತ್ತು ಜೊತೆಗಿದ್ದರು ಎಂಬುದಕ್ಕಿಂತ, ಅತ್ತಾಗ ಯಾರು ಓಗೊಟ್ಟರು ಎಂಬುದು ಅಲ್ಲಿ ಮುಖ್ಯವಾಗಿತ್ತು. ಸಂಜೆ ಅಮ್ಮ ಬಂದಾಗ ಮಗು ಅಜ್ಜಿಯ ಸೆರಗು ಬಿಡದಿದ್ದರೆ ಅದು ಅಮ್ಮನಿಗೆ ಸೋಲಲ್ಲ. ಹಗಲೆಲ್ಲ ಮಗು ಸುರಕ್ಷಿತವಾಗಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆ ಹೊತ್ತಿನಲ್ಲಿ ಮಗುವನ್ನು ಕಿತ್ತುಕೊಳ್ಳದೆ, ಹತ್ತು–ಹದಿನೈದು ನಿಮಿಷ ಮೂವರೂ ಒಟ್ಟಿಗೆ ಕೂತು, ಆಮೇಲೆ ಅಜ್ಜಿ ಬೇರೆ ಕೋಣೆಗೆ ಹೋದರೆ ಸಾಕು.

ನಿಜವಾದ ಕಷ್ಟ ಹುಟ್ಟುವುದು ಒಂದು ವರ್ಷಕ್ಕೆ ಅಜ್ಜಿಯ ಬಳಿ ಬಿಟ್ಟ ಮಗುವನ್ನು ಐದು ವರ್ಷಕ್ಕೆ, ಶಾಲೆಗೆ ಸೇರಿಸುವ ನೆಪದಲ್ಲಿ, ಒಂದೇ ದಿನಕ್ಕೆ ಎತ್ತಿಕೊಂಡು ಬರುವಾಗ. ಹೆತ್ತವರ ಕಣ್ಣಿಗೆ ಅದು ಮಗು ಮನೆಗೆ ಮರಳುವುದು. ಮಗುವಿನ ಪಾಲಿಗೆ ಮನೆ ಬಿಟ್ಟು ಹೋಗುವುದು. ಸಾಕಿದವರಿಂದ ಬೇರ್ಪಟ್ಟ ಪುಟ್ಟ ಮಕ್ಕಳಲ್ಲಿ ಮೂರು ಹಂತಗಳು ಕಾಣುತ್ತವೆ ಎಂದು ಬ್ರಿಟನ್ನಿನ ಸಂಶೋಧಕ ಜೇಮ್ಸ್ ರಾಬರ್ಟ್‌ಸನ್ ಮತ್ತು ಬೋಲ್ಬಿ 1950ರ ದಶಕದಲ್ಲೇ ತೋರಿಸಿದ್ದರು. ಮೊದಲು ಅಳು, ಪ್ರತಿಭಟನೆ; ಆಮೇಲೆ ಹತಾಶೆ; ಕೊನೆಗೆ ಒಂದು ಬಗೆಯ ನಿರ್ಲಿಪ್ತತೆ. ಮನೆಯವರು ಮೋಸಹೋಗುವುದು ಈ ಮೂರನೆಯ ಹಂತದಲ್ಲಿ. ಮಗು ಅಳು ನಿಲ್ಲಿಸಿದ ಕೂಡಲೇ ‘ಸದ್ಯ, ಹೊಂದಿಕೊಂಡಿತು’ ಎಂದು ನಿಟ್ಟುಸಿರು ಬಿಡುತ್ತಾರೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದರೆ, ಹೆಬ್ಬೆರಳು ಬಾಯಿಗೆ ಹೋದರೆ, ರಾತ್ರಿ ಬೆಚ್ಚಿ ಎದ್ದರೆ, ಅಜ್ಜಿಯ ಹೆಸರನ್ನೇ ಎತ್ತದೆ ಇದ್ದರೆ, ಆ ಮಗು ಇನ್ನೂ ಹೊಂದಿಕೊಂಡಿಲ್ಲ.

ಈ ಸ್ಥಳಾಂತರಕ್ಕೆ ಆರರಿಂದ ಎಂಟು ವಾರಗಳ ಅವಧಿ ಇಟ್ಟುಕೊಳ್ಳಬೇಕೆಂಬುದು ನಮ್ಮ ಸಲಹೆ. ಮಗುವನ್ನು ಕರೆತರುವ ಮೊದಲು ಅಪ್ಪ–ಅಮ್ಮನೇ ಅಜ್ಜಿಯ ಮನೆಯಲ್ಲಿ ಕೆಲದಿನ ಇರಲಿ. ಮೊದಲ ದಿನಗಳಲ್ಲಿ ಆಟ ಮಾತ್ರ. ಆಮೇಲೆ ಊಟ ಮಾಡಿಸುವುದು, ಸ್ನಾನ ಮಾಡಿಸುವುದು ಒಂದೊಂದಾಗಿ ಕೈಗೆ ಬರಲಿ. ಮಲಗಿಸುವುದು ಕೊನೆಗೆ. ಮಗುವಿಗೆ ಅತಿ ಹೆಚ್ಚು ಭಯವಾಗುವುದು ಕಣ್ಣು ಮುಚ್ಚುವ ಹೊತ್ತಿನಲ್ಲಿ, ಅದನ್ನು ಅವಸರದಿಂದ ಬದಲಿಸಿದರೆ ಉಳಿದದ್ದೆಲ್ಲ ಕೆಡುತ್ತದೆ. ಹೊಸ ಮನೆಗೆ ಮಗುವಿನ ಜೊತೆ ಅಜ್ಜಿ ಅಥವಾ ಅಜ್ಜ ಬಂದು ವಾರ–ಹತ್ತು ದಿನ ಇದ್ದು, ಮೊದಲು ಎರಡು ಗಂಟೆ, ಬಳಿಕ ಒಂದು ಹಗಲು, ಆಮೇಲೆ ಒಂದು ರಾತ್ರಿ ಹೀಗೆ ದೂರವಾಗಬೇಕು. ಹೊಸ ಶಾಲೆ, ಹೊಸ ಮನೆ, ತಂಗಿಯೋ ತಮ್ಮನೋ ಹುಟ್ಟುವುದು ಇವೆಲ್ಲ ಒಂದೇ ತಿಂಗಳಲ್ಲಿ ಬೀಳದಂತೆ ನೋಡಿಕೊಳ್ಳಿ. ಮಗು ಹೊದ್ದು ಮಲಗುತ್ತಿದ್ದ ಹೊದಿಕೆಯನ್ನು ಒಗೆಯದೆ ಹಾಗೇ ತನ್ನಿ. ಆ ವಾಸನೆ ಮಗುವಿಗೆ ಗೊತ್ತು.

ಮಗು ಆಟದಲ್ಲಿ ಮೈಮರೆತಾಗ ಹಿಂಬಾಗಿಲಿಂದ ಸದ್ದಿಲ್ಲದೆ ಹೊರಡುವುದು ಎಲ್ಲರೂ ಮಾಡುವ ತಪ್ಪು. ಅಳು ತಪ್ಪಿತು ಅನ್ನಿಸುತ್ತದೆ, ಆದರೆ ಹಾಗೆ ಒಮ್ಮೆ ಮೋಸಹೋದ ಮಗು ಆಮೇಲೆ ಆಟವನ್ನೇ ಬಿಟ್ಟು ಬಾಗಿಲು ಕಾಯುತ್ತದೆ, ಸ್ನಾನಕ್ಕೆ ಹೋದವರ ಹಿಂದೆಯೂ ಅಳುತ್ತ ಬರುತ್ತದೆ. ಹೇಳಿಯೇ ಹೋಗಿ, ಚಿಕ್ಕದಾಗಿ ಹೇಳಿ, ಗಡಿಯಾರದ ಲೆಕ್ಕ ಬಿಟ್ಟು ಮಗುವಿನ ಲೆಕ್ಕದಲ್ಲಿ ಹೇಳಿ: ‘ಎರಡು ಸಲ ನಿದ್ದೆ ಮಾಡಿ ಎದ್ದರೆ ನಾನು ಬರ್ತೀನಿ.’ ಹೇಳಿದಂತೆ ಬನ್ನಿ. ಬೇರೆಯಾದ ಮೇಲೆ ದಿನವೂ ಒಂದೇ ಹೊತ್ತಿಗೆ ಅಜ್ಜಿಗೆ ವಿಡಿಯೊ ಕರೆ ಇರಲಿ. ಕರೆ ಮುಗಿದ ಮೇಲೆ ಮಗು ಅಳುತ್ತದೆಂದು ಕರೆಯನ್ನೇ ನಿಲ್ಲಿಸುವವರಿದ್ದಾರೆ. ಆ ಅಳು ಒಳ್ಳೆಯದು, ಅದು ಹೊರಗೆ ಬರಬೇಕು. ‘ಹಠ ಮಾಡಿದರೆ ಅಜ್ಜಿ ಮನೆಗೆ ಕಳಿಸಿಬಿಡ್ತೀನಿ’ ಎಂಬ ಬೆದರಿಕೆಯಂತೂ ಬೇಡವೇ ಬೇಡ. ಎರಡು–ಮೂರು ತಿಂಗಳಾದರೂ ನಿದ್ದೆ, ಊಟ ಹಳಿಗೆ ಬರದಿದ್ದರೆ, ತೂಕ ಇಳಿದರೆ, ಮಾತು ಕಡಿಮೆಯಾದರೆ ಮಕ್ಕಳ ವೈದ್ಯರಲ್ಲಿಗೆ ಹೋಗಿ.

ಹಠದ ವಿಷಯಕ್ಕೆ ಬರೋಣ. ಅಸಲಿಗಿಂತ ಬಡ್ಡಿಯ ಮೇಲೆ ಪ್ರೀತಿ ಹೆಚ್ಚು ಎಂಬ ಮಾತು ಸುಳ್ಳಲ್ಲ, ಆದರೆ ಬರೀ ಪ್ರೀತಿಯಿಂದ ಯಾವ ಮಗುವೂ ಕೆಟ್ಟಿಲ್ಲ. ನಾಲ್ಕು ವರ್ಷದ ಮಗುವೊಂದು ಅಡುಗೆಮನೆಯಲ್ಲಿ ಅಮ್ಮನ ಬಳಿ ಮೊಬೈಲ್ ಕೇಳುತ್ತದೆ, ಅಮ್ಮ ಕೊಡುವುದಿಲ್ಲ. ಹಾಲ್‌ಗೆ ಬಂದು ಅಜ್ಜನ ಮುಖ ನೋಡುತ್ತದೆ. ಅಜ್ಜ ಸೋಮವಾರ ಬೇಡವೆನ್ನುತ್ತಾರೆ, ಮಂಗಳವಾರವೂ ಬೇಡವೆನ್ನುತ್ತಾರೆ, ಬುಧವಾರ ರಚ್ಚೆ ತಾಳಲಾರದೆ ‘ಹೋಗಲಿ ಬಿಡು, ಐದು ನಿಮಿಷ’ ಎಂದು ಕೊಡುತ್ತಾರೆ. ಯಾವಾಗಲೂ ಕೊಡುವ ಮನೆಯ ಮಗುವಿಗಿಂತ ಈ ಮಗುವಿನ ಹಠ ಗಟ್ಟಿ. ಆಗೊಮ್ಮೆ ಈಗೊಮ್ಮೆ ಫಲ ಕೊಡುವ ವರ್ತನೆ ಸುಲಭಕ್ಕೆ ಅಳಿಯುವುದಿಲ್ಲ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲೇ ಪ್ರಯೋಗಾಲಯದಲ್ಲಿ ತೋರಿಸಿದ್ದರು. ಅತ್ತರೆ ಸಿಗುತ್ತದೆ ಎಂದಲ್ಲ, ಇನ್ನೂ ಸ್ವಲ್ಪ ಅತ್ತರೆ ಸಿಕ್ಕೀತು ಎಂದು ಮಗು ಕಲಿತಿರುತ್ತದೆ.

ಹಾಗೆಂದು ಎಲ್ಲ ವಿಷಯದಲ್ಲೂ ಎರಡು ತಲೆಮಾರು ಒಂದೇ ರಾಗ ಹಾಡಬೇಕಿಲ್ಲ. ರಾಜಿಯೇ ಇಲ್ಲದ ನಿಯಮಗಳನ್ನು ಐದಕ್ಕೆ ಇಳಿಸಿ: ಔಷಧಿ, ಬೆಂಕಿ–ನೀರು–ರಸ್ತೆ, ಹೊಡೆಯುವುದು, ಮಲಗುವ ಹೊತ್ತು, ಮೊಬೈಲ್–ಟಿವಿ ಪರದೆ ನೋಡುವ ಹೊತ್ತು. ಪಟ್ಟಿ ಹದಿನೈದಾದರೆ ಯಾವುದೂ ಜಾರಿಗೆ ಬರುವುದಿಲ್ಲ. ಬಟ್ಟೆ, ಆಟ, ಸ್ನಾನದ ಸಮಯದಂಥವನ್ನು ಆಗ ಮಗುವಿನ ಜೊತೆ ಇರುವವರೇ ತೀರ್ಮಾನಿಸಲಿ. ಒಂದಿಷ್ಟು ಮುದ್ದು ಅಜ್ಜ–ಅಜ್ಜಿಯ ಹಕ್ಕು. ಮಲಗುವ ಹೊತ್ತು ಮೀರದಂತೆ ಇನ್ನೊಂದು ಕತೆ ಹೇಳಿದರೆ ಆಕಾಶ ಕಳಚಿ ಬೀಳುವುದಿಲ್ಲ. ಈ ಐದನ್ನು ಬರೆಯುವಾಗ ಹಿರಿಯರೂ ಕೂತಿರಬೇಕು. ಅವರನ್ನು ಕೇಳದೆ ಬರೆದು ಫ್ರಿಜ್ ಮೇಲೆ ಅಂಟಿಸಿದ ಹಾಳೆ ಅವಮಾನದ ಪತ್ರದಂತೆ ಕಾಣುತ್ತದೆ. ಆಕ್ಷೇಪವಿದ್ದರೆ ಸೊಸೆಯೋ ಅಳಿಯನೋ ಹೇಳುವ ಬದಲು ಹೆತ್ತ ಮಗನೋ ಮಗಳೋ ಹೇಳಲಿ, ಅದೂ ಮಗು ಮಲಗಿದ ಮೇಲೆ.

ಮಾತು ಮತ್ತು ಕಲಿಕೆಯಲ್ಲಿ ಅಜ್ಜಿಯ ಮನೆಗೆ ಲಾಭವೂ ಇದೆ, ಕೊರತೆಯೂ ಇದೆ. ಬ್ರಿಟನ್‌ನಲ್ಲಿ 2000ದಿಂದ 2002ರ ನಡುವೆ ಹುಟ್ಟಿದ ಸುಮಾರು 19,000 ಮಕ್ಕಳನ್ನು ಹಿಂಬಾಲಿಸಿದ ಮಿಲೇನಿಯಂ ಅಧ್ಯಯನದಲ್ಲಿ, ಅಜ್ಜ–ಅಜ್ಜಿಯ ಬಳಿ ಇದ್ದ ಮಕ್ಕಳ ಶಬ್ದಸಂಪತ್ತು ಮೂರನೆಯ ವಯಸ್ಸಿಗೆ ಚೆನ್ನಾಗಿತ್ತು. ಶಿಶುಕೇಂದ್ರಗಳಿಗೆ ಹೋದವರು ಶಾಲೆಗೆ ಬೇಕಾದ ಸಿದ್ಧತೆಯಲ್ಲಿ ಮುಂದಿದ್ದರು. ಓರಗೆಯವರೊಡನೆ ಹೊಂದಾಣಿಕೆಯಲ್ಲಿ ಅಜ್ಜಿಯ ಮನೆಯ ಮಕ್ಕಳಿಗೆ ತೊಡಕು ಕಂಡಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಅಜ್ಜಿ ನಿಧಾನವಾಗಿ, ಒಂದೇ ಕತೆಯನ್ನು ಹತ್ತು ಸಲ, ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಾಳೆ. ಮಾತು ಬೆಳೆಯಲು ಇದಕ್ಕಿಂತ ಬೇರೆ ಔಷಧಿಯಿಲ್ಲ. ಆದರೆ ಆಟದಲ್ಲಿ ಅಜ್ಜ ಯಾವಾಗಲೂ ಸೋಲುತ್ತಾರೆ, ಗೊಂಬೆಯನ್ನು ಕಸಿದುಕೊಳ್ಳುವವರು ಮನೆಯಲ್ಲಿ ಯಾರೂ ಇಲ್ಲ, ಸರದಿ ಕಾಯುವ ಪ್ರಸಂಗವೇ ಬರುವುದಿಲ್ಲ. ಎರಡೂವರೆ–ಮೂರು ವರ್ಷದಿಂದ ವಾರಕ್ಕೆ ಎರಡು–ಮೂರು ದಿನ, ದಿನಕ್ಕೆ ಒಂದೆರಡು ಗಂಟೆ ಬೇರೆ ಮಕ್ಕಳ ಜೊತೆ ಬಿಡಿ. ಅಜ್ಜನೂ ಮೂರರಲ್ಲಿ ಒಂದು ಆಟ ಗೆಲ್ಲಲಿ.

ಮಾತಿನ ಬಗ್ಗೆ ಇನ್ನೊಂದು ಎಚ್ಚರ. ಒಂದೂವರೆ ವರ್ಷಕ್ಕೆ ಒಂದು ಪದವೂ ಇಲ್ಲ, ಎರಡು ವರ್ಷಕ್ಕೆ ಎರಡು ಪದ ಜೋಡಿಸುತ್ತಿಲ್ಲ ಎಂದಾದರೆ ಮೊದಲು ಕಿವಿ ಪರೀಕ್ಷೆ ಆಗಬೇಕು. ‘ಇವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’ ಎಂಬ ಸಮಾಧಾನದಲ್ಲಿ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ. ಮನೆಯಲ್ಲಿ ಅಜ್ಜಿಯದೊಂದು ಭಾಷೆ, ಹೊರಗೆ ಇನ್ನೊಂದು ಇರುವುದರಿಂದ ಮಾತು ತಡವಾಗುವುದಿಲ್ಲ. ಅಜ್ಜಿಯ ಕಿವಿ ಮಂದವಾಗಿದ್ದರೆ ಮಗುವಿನ ಮಾತು ಅಸ್ಪಷ್ಟವಾಗಿದೆ ಎಂಬುದೇ ಮನೆಯಲ್ಲಿ ಗೊತ್ತಾಗದೆ ಹೋಗಬಹುದು.

ತೂಕದ ದೂರು ಪೂರ್ತಿ ಸುಳ್ಳಲ್ಲ. ಅದೇ ಬ್ರಿಟಿಷ್ ಅಧ್ಯಯನದಲ್ಲಿ ಅಜ್ಜ–ಅಜ್ಜಿಯ ಬಳಿ ಇದ್ದ ಮಕ್ಕಳಲ್ಲಿ ಅತಿತೂಕದ ಸಂಭವ ತುಸು ಹೆಚ್ಚಿತ್ತು. ತಟ್ಟೆ ಖಾಲಿಯಾಗಲೇಬೇಕೆಂಬ ಹಟ, ಅತ್ತಾಗ ಸಿಹಿ, ಪರದೆ ಹಚ್ಚಿ ತಿನ್ನಿಸುವುದು ಒಂದು ಕಡೆ. ಮಂಡಿ ನೋವಿನ ಅಜ್ಜಿ ಮಗುವಿನ ಹಿಂದೆ ಓಡಲಾರಳು, ಹಾಗಾಗಿ ಮಗುವೂ ಕೂರುತ್ತದೆ ಎಂಬುದು ಇನ್ನೊಂದು ಕಡೆ. ಏನು, ಎಷ್ಟು ಹೊತ್ತಿಗೆ, ಎಲ್ಲಿ ಕೂತು ಎಂಬುದನ್ನು ದೊಡ್ಡವರು ನಿರ್ಧರಿಸಲಿ. ಎಷ್ಟು ಎಂಬುದನ್ನು ಮಗುವಿನ ಹೊಟ್ಟೆಗೆ ಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಮೂರು–ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥದ್ದು. 10ರಿಂದ 13 ಗಂಟೆ ನಿದ್ದೆ, ಪರದೆ ಒಂದು ಗಂಟೆಗೆ ಮೀರಬಾರದು. ಎರಡು ವರ್ಷದೊಳಗೆ ಪರದೆಯೇ ಬೇಡ. ಆ 60 ನಿಮಿಷದ ಓಟವನ್ನು ಅಜ್ಜಿಯಿಂದ ನಿರೀಕ್ಷಿಸದೆ ಅಪ್ಪ–ಅಮ್ಮ ವಹಿಸಿಕೊಳ್ಳಬೇಕು. ಹತ್ತು–ಹನ್ನೆರಡು ಕಿಲೋ ತೂಗುವ ಮಗುವನ್ನು ಬಗ್ಗಿ ಎತ್ತುವ ಬದಲು, ಅಜ್ಜಿ ಕುರ್ಚಿಯಲ್ಲಿ ಕೂತು ಮಗುವೇ ಹತ್ತಿ ಬರುವಂತೆ ಮಾಡಿದರೆ ಬೆನ್ನು ಉಳಿಯುತ್ತದೆ.

ಈಗ ಔಷಧಿ. ಇದರ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ. ವಯಸ್ಸಾದವರ ಮಾತ್ರೆಗಳು ದಿಂಬಿನ ಪಕ್ಕ, ಕೈಚೀಲದಲ್ಲಿ, ವಾರದ ಏಳು ಖಾನೆಗಳ ಡಬ್ಬಿಯಲ್ಲಿ ಇರುತ್ತವೆ. ಆ ಡಬ್ಬಿ ಗಂಟು ಹಿಡಿದ ಬೆರಳುಗಳಿಗೆ ಸುಲಭವಾಗಿ ತೆರೆಯಲೆಂದೇ ಮಾಡಿದ್ದು, ಆದ್ದರಿಂದ ಎರಡು ವರ್ಷದ ಮಗುವಿಗೂ ಸುಲಭ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಮಧುಮೇಹದ ಒಂದೇ ಮಾತ್ರೆ ಪುಟ್ಟ ಮಗುವಿನ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು, ಅದೂ ಹಲವು ಗಂಟೆ ತಡವಾಗಿ. ನುಂಗಿದ ಮಗು ಆಡಿಕೊಂಡಿದೆ ಎಂದು ಮನೆಯಲ್ಲೇ ಕಾಯುವಂತಿಲ್ಲ. ರಕ್ತದೊತ್ತಡದ, ಹೃದಯದ ಕೆಲವು ಮಾತ್ರೆಗಳೂ ಇಷ್ಟೇ ಅಪಾಯಕಾರಿ. ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಉಳಿದ ಮಾತ್ರೆ ಎಣಿಸಿ, ಸ್ಟ್ರಿಪ್ ಹಿಡಿದು ಕೂಡಲೇ ಆಸ್ಪತ್ರೆಗೆ ಹೊರಡಿ. ಮಾತ್ರೆಗಳ ಜಾಗ ಬೀಗವಿರುವ ಕಪಾಟು. ಮಗುವಿಗೆ ಮಾತ್ರೆಯನ್ನು ‘ಪೆಪ್ಪರಮಿಂಟು’ ಎಂದು ನಂಬಿಸುವ ಅಭ್ಯಾಸವನ್ನು ಇಂದೇ ಬಿಡಿ.

ಜ್ವರದ ಪ್ಯಾರಾಸಿಟಮಾಲ್‌ನಲ್ಲಿ ಆಗುವ ಎಡವಟ್ಟು ಇನ್ನೂ ಸಾಮಾನ್ಯ. ಒಂದು ಬಾಟಲಿಯಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ 250. ಹನಿಗಳಾದರೆ 1 ಮಿಲಿಲೀಟರಿಗೇ 100 ಇರಬಹುದು. ಪ್ರತಿ ಕಿಲೋಗೆ 15 ಮಿಲಿಗ್ರಾಂನಂತೆ 10 ಕಿಲೋ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ. ಅಂದರೆ ಮೊದಲ ಬಾಟಲಿಯಿಂದ 6 ಮಿಲಿಲೀಟರ್, ಎರಡನೆಯದರಿಂದ 3, ಹನಿಗಳಿಂದ ಒಂದೂವರೆ. ‘ಕಳೆದ ಸಲ ಆರು ಕೊಟ್ಟಿದ್ದೆ’ ಎಂಬ ನೆನಪಿನಲ್ಲಿ ಹನಿಯ ಬಾಟಲಿಯಿಂದ ಆರು ಕೊಟ್ಟರೆ ನಾಲ್ಕು ಪಟ್ಟು ಆಯಿತು. ಬೆಳಿಗ್ಗೆ ಅಮ್ಮ ಕೊಟ್ಟು ಹೋದದ್ದು ತಿಳಿಯದೆ ಗಂಟೆ ಕಳೆಯುವುದರೊಳಗೆ ಅಜ್ಜಿಯೂ ಕೊಡುವುದು ಇನ್ನೊಂದು. ವೈದ್ಯರು ಮಗುವಿನ ಈಗಿನ ತೂಕ ನೋಡಿ ಹೇಳಿದ ಪ್ರಮಾಣವನ್ನು ಬಾಟಲಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಅಡುಗೆಮನೆಯ ಚಮಚ ಬೇಡ, ಅಳತೆಯ ಸಿರಿಂಜ್ ಬಳಸಿ. ಕೊಟ್ಟ ಹೊತ್ತನ್ನು ಬಾಟಲಿಯ ಪಕ್ಕದ ಚೀಟಿಯಲ್ಲಿ ಗುರುತಿಸಿ. ಎರಡು ಸಲದ ನಡುವೆ ನಾಲ್ಕರಿಂದ ಆರು ಗಂಟೆ, 24 ಗಂಟೆಯಲ್ಲಿ ನಾಲ್ಕಕ್ಕಿಂತ ಹೆಚ್ಚಿಲ್ಲ. ಆಸ್ಪಿರಿನ್ ಮಕ್ಕಳಿಗೆ ಬೇಡ. ಮೂರು ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೆ ಮನೆಯಲ್ಲಿ ಏನೂ ಕೊಡದೆ ವೈದ್ಯರ ಬಳಿಗೇ ಹೋಗಬೇಕು.

ಹಿರಿಯರ ಕೆಲವು ಪದ್ಧತಿಗಳನ್ನು ಅಜ್ಞಾನ ಎಂದು ಹೀಗಳೆಯುವವರು ಒಂದು ಸಂಗತಿ ಗಮನಿಸಬೇಕು. ಶಿಶುವನ್ನು ಬೋರಲು ಮಲಗಿಸಿ ಎಂದು ಎಷ್ಟೋ ದೇಶಗಳಲ್ಲಿ ಒಂದು ಕಾಲಕ್ಕೆ ವೈದ್ಯರೇ ಹೇಳುತ್ತಿದ್ದರು. 1990ರ ದಶಕದ ಆರಂಭದಲ್ಲಿ ಅಂಗಾತ ಮಲಗಿಸುವ ಪ್ರಚಾರ ಶುರುವಾದ ಮೇಲೆ ಬ್ರಿಟನ್, ಅಮೆರಿಕದಂಥ ದೇಶಗಳಲ್ಲಿ ಶಿಶುಗಳ ಹಠಾತ್ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ‘ನೀವು ಮಾಡಿದ್ದು ತಪ್ಪು’ ಎನ್ನುವ ಬದಲು ‘ಈಗ ಸಲಹೆ ಬದಲಾಗಿದೆ’ ಎಂದರೆ ಅಜ್ಜಿ ಕೇಳಿಸಿಕೊಳ್ಳುತ್ತಾಳೆ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸಬಾರದು, ಅದರಿಂದ ಬಾಟುಲಿಸಂ ಎಂಬ, ನರಗಳನ್ನು ಸೋಲಿಸುವ ಕಾಯಿಲೆ ಬರಬಹುದು. ಭೇದಿಯಾದಾಗ ನೀರು ನಿಲ್ಲಿಸಬಾರದು, ಒಆರ್‌ಎಸ್ ಕೊಡಬೇಕು. ಸುಟ್ಟ ಜಾಗಕ್ಕೆ ಏನನ್ನೂ ಮೆತ್ತದೆ 20 ನಿಮಿಷ ಹರಿಯುವ ತಣ್ಣೀರು ಹಾಯಿಸಬೇಕು. ಇವನ್ನೂ ಹಾಗೆಯೇ ಹೇಳಿ.

ಸಾಕುವವರ ಆರೋಗ್ಯವೂ ಮಗುವಿನ ವಿಷಯವೇ. ಬರ್ಲಿನ್‌ನಲ್ಲಿ 70 ದಾಟಿದ ಸುಮಾರು 500 ಜನರನ್ನು 1990ರಿಂದ ಗಮನಿಸಿದ ಅಧ್ಯಯನದಲ್ಲಿ, ಆಗಾಗ ಮೊಮ್ಮಕ್ಕಳನ್ನು ನೋಡಿಕೊಂಡವರು ಹೆಚ್ಚು ಕಾಲ ಬದುಕಿದ್ದರು. ಗಟ್ಟಿಮುಟ್ಟಾದವರೇ ಆ ಕೆಲಸಕ್ಕೆ ಸಿಗುವುದೂ ಒಂದು ಕಾರಣವಿರಬಹುದು ಎನ್ನಿ. ಆ ಅಧ್ಯಯನದಲ್ಲಿ ಪೂರ್ತಿ ಹೊಣೆ ಹೊತ್ತವರು ಇರಲಿಲ್ಲ. ದಿನಪೂರ್ತಿ, ವಾರಪೂರ್ತಿ ಸಾಕುವವರು ತಮ್ಮ ಸಕ್ಕರೆ ಪರೀಕ್ಷೆ, ಕಣ್ಣಿನ ಪರೀಕ್ಷೆ ಎಲ್ಲವನ್ನೂ ಮುಂದೂಡುತ್ತಾರೆ, ದಣಿವನ್ನು ಬಾಯಿಬಿಟ್ಟು ಹೇಳುವುದಿಲ್ಲ. ವಾರಕ್ಕೊಂದು ದಿನ ರಜೆಯನ್ನು ಕೇಳುವ ಮೊದಲೇ ಕೊಡಿ.

ಹೆತ್ತವರು ದೂರವಿದ್ದರೆ ಚಿಕಿತ್ಸೆಗೆ ಒಪ್ಪಿಗೆ ನೀಡುವ ಅಧಿಕಾರವನ್ನು ಅಜ್ಜ–ಅಜ್ಜಿಗೆ ಬರವಣಿಗೆಯಲ್ಲಿ, ಸಹಿ ಹಾಕಿ ಕೊಟ್ಟಿರಬೇಕು. ಜನನ ಪ್ರಮಾಣಪತ್ರ ಮತ್ತು ಲಸಿಕೆ ಕಾರ್ಡ್‌ನ ಪ್ರತಿ, ಅಲರ್ಜಿಯ ವಿವರ, ಕೊನೆಯ ಬಾರಿ ತೂಗಿದ ತೂಕ ಎಲ್ಲವೂ ಅದೇ ಲಕೋಟೆಯಲ್ಲಿರಲಿ. ಹೆತ್ತವರೇ ಇಲ್ಲದಿದ್ದರೆ ಕಾನೂನುಬದ್ಧ ಪೋಷಕತ್ವಕ್ಕೆ ತಡಮಾಡದೆ ಅರ್ಜಿ ಹಾಕಬೇಕು. ಆ ಮಕ್ಕಳಿಗೆ ಅಪ್ಪ–ಅಮ್ಮನ ಬಗ್ಗೆ ನಿಜ ಹೇಳಿ, ಚಿಕ್ಕದಾಗಿ, ವಯಸ್ಸಿಗೆ ತಕ್ಕಂತೆ. ಸತ್ತವರನ್ನು ‘ಕೆಲಸಕ್ಕೆ ಹೋಗಿದ್ದಾರೆ’ ಎಂದರೆ ಮಗು ವರ್ಷಗಟ್ಟಲೆ ಕಾಯುತ್ತದೆ. ಬದುಕಿರುವವರನ್ನು ಬೈದರೆ ತನ್ನನ್ನೇ ಬೈದರೆಂದುಕೊಳ್ಳುತ್ತದೆ. ಆರೇಳು ವರ್ಷದ ಹೊತ್ತಿಗೆ ‘ಅಜ್ಜಿ, ನೀನೂ ಸತ್ತುಹೋದರೆ?’ ಎಂದು ಕೇಳುತ್ತದೆ. ‘ಹಾಗೆಲ್ಲ ಮಾತಾಡಬಾರದು’ ಎಂದು ಬಾಯಿ ಮುಚ್ಚಿಸಿದರೆ ಪ್ರಶ್ನೆ ಒಳಗೇ ಉಳಿಯುತ್ತದೆ. ಆಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಆ ವ್ಯಕ್ತಿಯ ಜೊತೆ ಮೊದಲೇ ಮಾತಾಡಿ, ಹೆಸರು ಹಿಡಿದು ಹೇಳಬೇಕು, ತಿಂಗಳಿಗೊಮ್ಮೆಯಾದರೂ ಅವರ ಮನೆಯಲ್ಲಿ ಮಗು ಒಂದು ರಾತ್ರಿ ಮಲಗಬೇಕು. ಹದಿಹರೆಯಕ್ಕೆ ಬಂದಾಗ ಫೋನು, ಗೆಳೆತನ, ಮೈಯ ಬದಲಾವಣೆಗಳ ಬಗ್ಗೆ ಸಂಕೋಚವಿಲ್ಲದೆ ಕೇಳಲು ಅದೇ ವ್ಯಕ್ತಿ ನೆರವಾದಾರು.

ಕೊನೆಗೆ ಶಾಲೆಗಳಿಗೂ ಮಕ್ಕಳ ವೈದ್ಯರಿಗೂ ಒಂದು ವಿನಂತಿ. ‘ಪೋಷಕರ ಸಭೆ’ಯ ಸೂಚನೆ ದಿನವಿಡೀ ಕಚೇರಿಯಲ್ಲಿರುವವರ ಮೊಬೈಲಿಗೆ ಹೋಗುತ್ತದೆ, ಮನೆಪಾಠ ಮಾಡಿಸುವ ಅಜ್ಜನಿಗೆ ಗೊತ್ತೇ ಆಗುವುದಿಲ್ಲ. ಔಷಧಿಯ ಪ್ರಮಾಣವನ್ನು ಅಪ್ಪನಿಗೆ ವಿವರಿಸಲಾಗುತ್ತದೆ, ಕುಡಿಸುವುದು ಅಜ್ಜಿ. ದಾಖಲಾತಿ ನಮೂನೆಯಲ್ಲಿ ‘ಹಗಲು ಮಗುವನ್ನು ನೋಡಿಕೊಳ್ಳುವವರು’ ಎಂದು ಒಂದು ಸಾಲು ಸೇರಿಸಿ, ಆ ಫೋನ್ ಸಂಖ್ಯೆಗೂ ಸೂಚನೆ ಕಳಿಸಿ. ಲಸಿಕೆಗೆ ಬಂದಾಗ ಅಜ್ಜಿಯನ್ನೂ ಒಳಗೆ ಕರೆದು, ಸಿರಿಂಜಿನಲ್ಲಿ ಎಷ್ಟು ಎಳೆಯಬೇಕೆಂದು ಅವರ ಕೈಯಿಂದಲೇ ಒಮ್ಮೆ ಮಾಡಿಸಿ ನೋಡಿ.

ಇತಿ,
ಮಕ್ಕಳ ಬೆಳವಣಿಗೆ ಮತ್ತು ಕುಟುಂಬ ಸಮಾಲೋಚನೆಯಲ್ಲಿ ತೊಡಗಿರುವ ಓದುಗರು